ಕೈ ಎತ್ತದ ಕದಿರಮ್ಮ

ಈ ಸಭೆಯ ಅಧ್ಯಕ್ಷರೂ ಕಾಲೇಜಿನ ಪ್ರಾಂಶುಪಾಲರೂ ಆದ ರಮಾದೇವಿ ಮೇಡಂ ಅವರೇ, ನನ್ನಂಥವನನ್ನು ಕರೆಯುವ ಧೈರ್ಯ ಮಾಡಿದ ರಾಜ್ಯಶಾಸ್ತ್ರದ ಉಪನ್ಯಾಸಕ ಚೈತನ್ಯ ಅವರೇ, ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ರಾಜ್ಯಶಾಸ್ತ್ರ ಸಂಘದ ವಾರ್ಷಿಕೋತ್ಸವಕ್ಕೆ ಟೊಮೆಟೊ ಮಂಡಿಯವನೇಕೆ? ನಾನೂ ಇದನ್ನೇ ಕೇಳಿದೆ. "ಮಂಡಿಯಲ್ಲಿ ಎಲ್ಲಾ ಕಸುಬಿನವರನ್ನೂ ಒಂದೇ ಮೇಜಿಗೆ ಕೂರಿಸಿದ್ದೀರಲ್ಲ ಸುಬ್ರಮಣಿಯವರೇ, ಅದನ್ನೇ ಹೇಳಿ. ಫ್ಯಾಸಿಸಂಗೂ ಕಾರ್ಪೊರೇಟಿಸಂಗೂ ಏನು ವ್ಯತ್ಯಾಸ ಅಂತ ನಮ್ಮ ಹುಡುಗ್ರು ಪರೀಕ್ಷೆಲಿ ತಪ್ಪು ಬರೀತಾರೆ" ಎಂದರು ಚೈತನ್ಯ. ಎಸ್ಸೆಸ್ಸೆಲ್ಸಿ ದಾಟದವನು ಪರೀಕ್ಷೆಗೆ ಪಾಠ ಹೇಳುವ ಕಾಲ ಬಂತು!

ಭಾಷಣ ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ. ಈಗ ತಾನೇ ನೀವೆಲ್ಲ ನೋಡಿದಿರಿ: ನನಗೆ ಹೂಗುಚ್ಛ ಕೊಡಲು ಧನಶ್ರೀ ಎಂಬ ವಿದ್ಯಾರ್ಥಿನಿಯನ್ನು ಕರೆದರು. ಆಕೆ ಕುಳಿತಲ್ಲಿಂದಲೇ ಎದ್ದು, "ನಾನು ಕೊಡಲ್ಲ ಸಾರ್" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ "ಏಯ್, ಕೂತ್ಕೊಳ್ಳೇ" ಎಂದು ಗದರಿದರು. ದಯವಿಟ್ಟು ಯಾರೂ ಗದರಬೇಡಿ. ಆ ಮಗು ಯಾರೆಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ನಮ್ಮ ಮಂಡಿಯಲ್ಲಿ ಹಣ್ಣು ಆರಿಸುತ್ತಿದ್ದ ಕದಿರಮ್ಮನ ಮೊಮ್ಮಗಳು.

ಮೊದಲು ಪಾಠ ಮುಗಿಸಿಬಿಡುತ್ತೇನೆ. ಕಾರ್ಪೊರೇಟಿಸಂ ಎಂದರೆ ದೊಡ್ಡ ಕಂಪನಿಗಳ ದರ್ಬಾರು ಎಂದೇ ನಾನೂ ತಿಳಿದಿದ್ದೆ. ಅಲ್ಲವಂತೆ. ಕಸುಬಿಗೊಂದು ಕೂಟ ಮಾಡಿ, ಮಾಲೀಕರ ಕೂಟ, ಕೂಲಿಯವರ ಕೂಟ, ಬೆಳೆಗಾರರ ಕೂಟ, ಎಲ್ಲರನ್ನೂ ಸರ್ಕಾರದ ಮುಂದೆ ಕೂರಿಸಿ ಚೌಕಾಸಿ ಮಾಡಿಸುವ ಪದ್ಧತಿ. ಪ್ರಜಾಪ್ರಭುತ್ವದ ದೇಶಗಳಲ್ಲೂ ಇದೆಯಂತೆ. ಮುಳಬಾಗಿಲು ರಸ್ತೆಯ ನಮ್ಮ ಖಾಸಗಿ ಮಂಡಿಯಲ್ಲಿ ನಾನು ಮಾಡಿದ್ದೂ ಅದನ್ನೇ. ರೈತರಿಗೊಂದು ಕುರ್ಚಿ, ವ್ಯಾಪಾರಿಗಳಿಗೊಂದು, ಹಮಾಲಿಗಳಿಗೊಂದು, ಹಣ್ಣು ಆರಿಸುವ ಹೆಂಗಸರಿಗೊಂದು. ಜಗಳವೋ ಜಗಳ! ಆದರೆ ಜಗಳದ ಕೊನೆಗೆ ಏನಾದರೊಂದು ತೀರ್ಮಾನವಾಗುತ್ತಿತ್ತು. ಕುರ್ಚಿ ಯಾರಿಗೆಂದು ಆರಿಸುತ್ತಿದ್ದವನು ಮಾತ್ರ ನಾನೇ. ಆ ಪದ್ಧತಿಯ ಹುಳುಕು ಅಲ್ಲೇ ಇರುವುದು.

ಹಾಗಾದರೆ ಫ್ಯಾಸಿಸಂ? ಇಟಲಿಯಲ್ಲಿ ಅದು ಇದೇ ಕೂಟಗಳನ್ನು ಇಟ್ಟುಕೊಂಡೇ ಆಳಿತಂತೆ. ಕುರ್ಚಿಗಳು ಇದ್ದಲ್ಲೇ ಇದ್ದವು, ಚೌಕಾಸಿ ಸತ್ತುಹೋಯಿತು. ನಾವು ಹಿಂದೆ ಬಹಳ ದೊಡ್ಡವರಿದ್ದೆವು, ಯಾರೋ ನಮ್ಮನ್ನು ಕೆಡಿಸಿದರು, ಮತ್ತೆ ಎದ್ದು ನಿಲ್ಲಬೇಕಾದರೆ ಒಬ್ಬನ ಮಾತೇ ನಡೆಯಬೇಕು, 'ಬೇಡ' ಎಂದವರು ದ್ರೋಹಿಗಳು, ಅವರಿಗೆ ಏಟು ಬಿದ್ದರೂ ತಪ್ಪಲ್ಲ. ಇಷ್ಟು ಸೇರಿದರೆ ಫ್ಯಾಸಿಸಂ. ಒಂದು ದೇಶ ಮಾಡಿದ ಪಾಪಕ್ಕೂ ಒಂದು ಮಂಡಿಯ ಪಾಪಕ್ಕೂ ತೂಕ ಒಂದೇ ಅಲ್ಲ, ಒಪ್ಪುತ್ತೇನೆ. ಬೀಜ ಮಾತ್ರ ಒಂದೇ ಜಾತಿಯದು.

ಹೋದ ಶ್ರಾವಣದಲ್ಲಿ ಬೆಲೆ ಬಿತ್ತು. ಟೊಮೆಟೊ ಬೆಲೆ ಬೀಳುವುದು ಹೊಸತೇ? ಆದರೆ ನಾನು ಹೊಸ ಮಾತು ಹುಟ್ಟಿಸಿದೆ: ಗಡಿಯಾಚೆಯ ವ್ಯಾಪಾರಿಗಳು ನಮ್ಮನ್ನು ಮುಳುಗಿಸುತ್ತಿದ್ದಾರೆ, ನಮ್ಮೊಳಗೇ ಅವರ ಜನ ಇದ್ದಾರೆ. ಕುರುಡುಮಲೆ ಗಣಪನಿಗೆ ಪೂಜೆ ಮಾಡಿಸಿ, ದಿನಾ ಹರಾಜಿಗೆ ಮುಂಚೆ ಎಲ್ಲರೂ ಬಲಗೈ ಎತ್ತಿ "ಮಂಡಿ ಒಂದೇ, ಮಾತು ಒಂದೇ" ಎಂದು ಹೇಳಬೇಕೆಂದು ಕಟ್ಟಳೆ ಮಾಡಿದೆ. ಈ ಭಾಷಣಕ್ಕೆಂದು ಚೈತನ್ಯ ಅವರು ಕೊಟ್ಟ ಪುಸ್ತಕವನ್ನು ಆ ಹೊತ್ತಿಗೆ ಓದಿರಲಿಲ್ಲ. ಓದದೆಯೇ ಎಲ್ಲವನ್ನೂ ಸರಿಯಾಗಿ ಮಾಡಿದ್ದೆ.

ಕದಿರಮ್ಮ ಕೈ ಎತ್ತಲಿಲ್ಲ. "ಏಮಿರಾ ಸುಬ್ರಮಣೀ, ಎರಡು ಕೈಯಲ್ಲೂ ಹಣ್ಣೈತೆ ಕಣಪ್ಪಾ. ಎತ್ತಿದ್ರೆ ನಿನ್ ಬಿಳೀ ಅಂಗಿ ಮೇಲೇ ಬೀಳ್ತದೆ. ಮೊದ್ಲು ಹೆಂಗಸ್ರಿಗೊಂದು ಕಕ್ಕಸು ಕಟ್ಸು, ಆಮೇಲೆ ಎತ್ತೋಣ" ಎಂದಳು.

ಮಂಡಿಗೆ ಮಂಡಿಯೇ ನಕ್ಕಿತು. ಸಭಿಕರೇ, ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ನಾನು ಕ್ರೇಟು ಹೊರುತ್ತಿದ್ದ ಕಾಲದಲ್ಲಿ, ದೂರದ ಲಾರಿಗೆ ದೋರೆಗಾಯಿ, ಹತ್ತಿರದ ಸಂತೆಗೆ ಹಣ್ಣು ಎಂದು ಕಲಿಸಿಕೊಟ್ಟವಳು ಅವಳು. ನನ್ನನ್ನು ತೆಲುಗಿನಲ್ಲಿ 'ಏಮಿರಾ', ಅಂದರೆ 'ಏನೋ', ಎನ್ನುವ ಹಕ್ಕು ಇನ್ನೂ ಉಳಿದಿರುವುದು ಅವಳೊಬ್ಬಳಿಗೇ. ಅಂಥವಳನ್ನು ತೋರಿಸಿ, "ಇವಳ ಮಗಳನ್ನು ಗಡಿಯಾಚೆಯ ಪುಂಗನೂರಿಗೆ ಕೊಟ್ಟಿದೆ, ಇವಳು ಆಚೆಯವರ ಏಜೆಂಟು" ಎಂದೆ. ನಕ್ಕವರೇ ಚಪ್ಪಾಳೆ ತಟ್ಟಿದರು. ಯಾರೋ ಅವಳ ಬುಟ್ಟಿ ಒದ್ದರು. ಅವಳನ್ನು ಒಳಗೆ ಬಿಡಬಾರದೆಂದು ಗೇಟಿಗೆ ಬೋರ್ಡು ಹಾಕಿಸಿದೆ. ಇವತ್ತು ಬೆಳಿಗ್ಗೆ ನಾನು ಈ ಸಭೆಗೆ ಹೊರಟಾಗಲೂ ಬೋರ್ಡು ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಕಾರು ಓಡಿಸಿಕೊಂಡು ಬಂದೆ.

ನಮ್ಮ ತಾಯಿಯ ತವರೂ ಪುಂಗನೂರೇ. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ನಮ್ಮ ಮಂಡಿಯಲ್ಲಿ ಹಳೆಯದೊಂದು ಪದ್ಧತಿ ಇದೆ. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ತನ್ನ ಟವೆಲು ತೆಗೆದು ಕ್ರೇಟಿನ ಮೇಲೆ ಹಾಕುತ್ತಾನೆ. ಟವೆಲು ಬಿತ್ತೆಂದರೆ ಮಾಲು ಅವನದೇ, ಹರಾಜು ಅಲ್ಲಿಗೆ ನಿಂತಿತು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಒಂದು ಕ್ರೇಟು ಹಣ್ಣಿಗೆ ಇದ್ದ ಈ ಮರ್ಯಾದೆಯನ್ನು ನಾನು ಒಬ್ಬ ಹೆಂಗಸಿಗೆ ಕೊಡಲಿಲ್ಲ. ಮಕ್ಕಳೇ, ಪರೀಕ್ಷೆಯಲ್ಲಿ ವ್ಯತ್ಯಾಸ ಕೇಳಿದರೆ ಇದನ್ನು ಬರೆಯಿರಿ: ಕಾರ್ಪೊರೇಟಿಸಂನಲ್ಲಿ ಟವೆಲು ಹಾಕಬಹುದು, ಫ್ಯಾಸಿಸಂನಲ್ಲಿ ಹಾಕುವಂತಿಲ್ಲ. ಮಾರ್ಕ್ಸು ಕೊಡುವುದು ಬಿಡುವುದು ಚೈತನ್ಯ ಅವರಿಗೆ ಬಿಟ್ಟಿದ್ದು.

ಧನಶ್ರೀ, ಇಲ್ಲಿಂದ ನೇರವಾಗಿ ಹೋಗಿ ಆ ಬೋರ್ಡನ್ನು ನನ್ನ ಕೈಯಾರೆ ಕೀಳುತ್ತೇನಮ್ಮ. ನಾಳೆ ಹರಾಜಿನ ಹೊತ್ತಿಗೆ, ಅಷ್ಟೂ ಜನರ ಮುಂದೆ, ನಾನು ಹೇಳಿದ್ದು ಸುಳ್ಳು ಎನ್ನುತ್ತೇನೆ. ಅಜ್ಜಿಗೆ ತಿಳಿಸು. ಬರಲ್ಲ ಎಂದರೆ ಒತ್ತಾಯ ಮಾಡಬೇಡ. ಟವೆಲು ಹಾಕುವ ಹಕ್ಕು ಅವಳಿಗೂ ಇದೆ.

ಕರೆದವರಿಗೆ, ಕೇಳಿದವರಿಗೆ, ಹೂ ಕೊಡದೆ ಕುಳಿತವಳಿಗೆ ನನ್ನ ಕೃತಜ್ಞತೆ. ಮೇಡಂ, ತಾವು ಹೊದಿಸಿದ ಈ ಶಾಲನ್ನು ಮೇಜಿನ ಮೇಲೆ ಹಾಕುತ್ತಿದ್ದೇನೆ. ತಪ್ಪು ತಿಳಿಯಬೇಡಿ, ಕೂಗಿದ ಬೆಲೆಗೆ ಈ ಮಾಲು, ಅಂದರೆ ನಾನು, ಬಾಳುವುದಿಲ್ಲ. ಚಪ್ಪಾಳೆ ಬೇಡ.

ನಮಸ್ಕಾರ.