ಉಡುವವರೇ ಆರಿಸಲಿ

ಒಂದು ಊರು. ಆ ಊರಲ್ಲಿ ಒಬ್ಬ ಶ್ರೀಮಂತ ಜವಳಿ ವ್ಯಾಪಾರಿ. ಹೆಸರು ಹೇಳುವುದಿಲ್ಲ, ಹೇಳಿದರೆ ಪ್ರವಚನಕ್ಕೆ ಕುಳಿತಿರುವ ನಿಮ್ಮಲ್ಲೇ ನಾಲ್ಕು ಜನ ಮುಖ ಊದಿಸಿಕೊಳ್ಳುತ್ತೀರಿ. ಬಲು ತಾಳ್ಮೆಯ ಮನುಷ್ಯ. ಗಿರಾಕಿಗೆ ನೂರು ಸೀರೆ ಬಿಚ್ಚಿ ತೋರಿಸಿದರೂ ಮುಖ ಸಿಂಡರಿಸಿದವನಲ್ಲ.

ಅವನಿಗೆ ಒಬ್ಬಳೇ ಮಗಳು. ಅಂಗಡಿಗೆ ಮೇಲಂತಸ್ತು ಕಟ್ಟಿಸುವಾಗ ಈ ಹುಡುಗಿ ಮೇಸ್ತ್ರಿಯ ಬೆನ್ನು ಬಿಟ್ಟಿರಲಿಲ್ಲ. ಇಲ್ಲಿ ಕಂಬ ಯಾಕೆ, ಅಲ್ಲಿ ಕಬ್ಬಿಣ ಯಾಕೆ ಎಂದು ಕೇಳಿ ಕೇಳಿ ಅವನ ತಲೆ ತಿಂದಿದ್ದಳು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು. ಸಿವಿಲ್ ಎಂಜಿನಿಯರಿಂಗ್ ಓದುತ್ತೇನೆಂದು, ಬೇಕಾದ ಕಾಲೇಜುಗಳನ್ನು ಸೀರೆ ಡಬ್ಬಿಯ ರಟ್ಟಿನ ಮೇಲೆ ಬರೆದು ಅಪ್ಪನ ಕೈಗೆ ಕೊಟ್ಟಳು.

ಅಪ್ಪನಿಗೆ ಭಯ. ಹೆಣ್ಣುಮಗಳು ಬಿಸಿಲಲ್ಲಿ ನಿಲ್ಲುವುದೇ? ನಾಳೆ ಕೆಲಸ ಸಿಗದಿದ್ದರೆ? ಬ್ಯಾಂಕ್ ಮ್ಯಾನೇಜರನ್ನು ಕೇಳಿದ. ಟ್ಯೂಷನ್ ಮೇಷ್ಟ್ರನ್ನು ಕೇಳಿದ. ಎದುರಂಗಡಿಯವನನ್ನೂ ಕೇಳಿದ. ಯಾರನ್ನು ಕೇಳಲಿಲ್ಲ? ನೀವೇ ಹೇಳಿ, ಯಾರನ್ನು ಕೇಳಲಿಲ್ಲ?

ಸೀಟಿನ ಪಟ್ಟಿ ತುಂಬಲು ಬೇಕಾದ ಒಟಿಪಿ ಬರುತ್ತಿದ್ದುದು ಅವನ ಫೋನಿಗೆ. ತಾನೇ ಕುಳಿತು ಕಂಪ್ಯೂಟರ್ ಸೈನ್ಸನ್ನು ಪಟ್ಟಿಯ ಮೇಲಕ್ಕೆ ಹಾಕಿದ, ಮಗಳ ಸಿವಿಲ್ಲನ್ನು ಕೆಳಕ್ಕೆ ತಳ್ಳಿದ. ನೋಡಿ, ಆ ಪಟ್ಟಿಯ ರೀತಿ ನಿಮಗೆ ಗೊತ್ತೇ ಇದೆ. ಮೇಲಿನಿಂದ ನೋಡುತ್ತ ಬಂದು, ರ‍್ಯಾಂಕಿಗೆ ಎಟುಕಿದ ಮೊದಲ ಸೀಟನ್ನು ಕೊಡುತ್ತಾರೆ. ಅದರ ಕೆಳಗೆ ಬರೆದದ್ದೆಲ್ಲ ಬರೆಯದೇ ಇದ್ದಂತೆ.

ಅಣಕು ಹಂಚಿಕೆ ಬಂತು. ಅಂದರೆ ನಿಜವಾದ ಹಂಚಿಕೆಗೆ ಮೊದಲು ಹೀಗಾಗಬಹುದೆಂದು ತೋರಿಸುವ ಫಲಿತಾಂಶ. ಕಂಪ್ಯೂಟರ್ ಸೀಟು! ಅಪ್ಪ ಬೀದಿಗೆಲ್ಲ ಪೇಡ ಹಂಚಿದ. ಮಗಳು ತನ್ನ ಪೇಡವನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

“ಅಪ್ಪಾ, ನಾಳೆ ಮಧ್ಯಾಹ್ನ ಹನ್ನೆರಡರ ತನಕ ಪಟ್ಟಿ ತಿದ್ದಬಹುದು. ಫೋನ್ ಕೊಡ್ತೀಯಾ?”

“ಬಂದಿದ್ದನ್ನ ಯಾರಾದ್ರೂ ಬಿಡ್ತಾರೇನವ್ವಾ? ಸುಮ್ನಿರು.”

ಆ ರಾತ್ರಿ ಅವಳು ಊಟಕ್ಕೂ ಬರಲಿಲ್ಲ.

ಮರುದಿನ ಅವನು ಅಂಗಡಿಯಲ್ಲಿ ಕುಳಿತಿದ್ದರೂ ಜೀವವೆಲ್ಲ ಗಡಿಯಾರದಲ್ಲಿತ್ತು. ತಾನು ಮಾಡಿದ್ದು ಸರಿಯೋ ತಪ್ಪೋ? ಹನ್ನೊಂದೂವರೆಗೆ ಒಬ್ಬ ಹೆಂಗಸು ಮದುವೆ ಸೀರೆ ಕೊಡಿಸಲು ಸೊಸೆಯಾಗುವವಳನ್ನು ಕರೆತಂದಳು. ಹುಡುಗಿಯ ಕಣ್ಣು ಹಸಿರು ಸೀರೆಯ ಮೇಲೆ. ಅತ್ತೆ ಮಾತ್ರ ಮೆರೂನ್ ಸೀರೆಯನ್ನೇ ಅವಳ ಹೆಗಲ ಮೇಲೆ ಹೊದಿಸುತ್ತಿದ್ದಳು. ಮೂವತ್ತು ವರ್ಷ ಗಿರಾಕಿಗಳಿಗೆ ಹೇಳುತ್ತ ಬಂದ ಮಾತನ್ನೇ ವ್ಯಾಪಾರಿ ಈಗಲೂ ಹೇಳಿದ: “ಉಡೋರು ಅವರಲ್ವೇನಮ್ಮಾ? ಅವರೇ ಆರಿಸ್ಲಿ ಬಿಡಿ.”

ಆ ಮಾತು ಹೇಳಿದವನ ಕಿವಿಗೇ ಬಡಿಯಿತು.

ಬಿಚ್ಚಿದ ಸೀರೆಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದ. ಫೋನನ್ನು ಮಗಳ ಕೈಗಿಟ್ಟ. “ತಪ್ಪಾಯ್ತವ್ವಾ. ನಿಂದು ನೀನೇ ಬರಿ.”

ಪುಟ ತೆರೆಯಲೊಲ್ಲದು. ಹನ್ನೊಂದು ಐವತ್ತು. ಒಟಿಪಿ ಬರಲೊಲ್ಲದು. ಐವತ್ತೈದು. ಮಗಳು ಮತ್ತೆ ಮತ್ತೆ ಒಟಿಪಿ ಕೇಳುತ್ತಿದ್ದಳು. ಅವನಂತೂ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದ. ಕೊನೆಗೆ ಒಟಿಪಿ ಬಂತು. ಸಿವಿಲ್ ಮೇಲಕ್ಕೆ ಹೋಯಿತು. ಎರಡು ನಿಮಿಷ ಉಳಿದಿರುವಾಗ ಪಟ್ಟಿಯೂ ಸಲ್ಲಿಕೆಯಾಯಿತು.

ಸೀಟು ಸಿಕ್ಕಿತೇ? ನೋಡಿ, ನಿಮ್ಮೆಲ್ಲರ ಮುಖದಲ್ಲೂ ಅದೇ ಪ್ರಶ್ನೆ! ಆ ಮಗು ರಾತ್ರಿ ಊಟ ಬಿಟ್ಟಿತ್ತಲ್ಲ, ಆಮೇಲೆ ಉಂಡಿತೇ ಎಂದು ಯಾರೂ ಕೇಳಲಿಲ್ಲ. ಉಂಡಳು. ಅಪ್ಪನ ಪಕ್ಕ ಕುಳಿತು ಉಂಡಳು. ಸೀಟಿನ ಮಾತು ನಾನು ಹೇಳುವುದಿಲ್ಲ.

ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ವಾರ ಪಟ್ಟಿ ತುಂಬುತ್ತಿದ್ದೀರಿ? ಕೈ ಎತ್ತಬೇಡಿ. ಪ್ರವಚನದ ನಡುವೆ ಯಾರು ಎಷ್ಟು ಸಲ ಫೋನು ನೋಡಿದಿರಿ ಎನ್ನುವುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಹೆತ್ತವರಿಗೆ ಭಯವಾಗುವುದು ತಪ್ಪಲ್ಲ. ಆ ಭಯವನ್ನು ಮಗುವಿನ ಮುಂದೆ ಹೇಳಿಕೊಳ್ಳಿ. ಆದರೆ ಫೋನನ್ನು ಅದರ ಕೈಗೆ ಕೊಡಿ. “ನಿನಗೇನು ಓದಬೇಕು?” ಎಂದು ಕೇಳಿ. ಕೇಳಿದ ಮೇಲೆ, ಅದು ಹೇಳಿ ಮುಗಿಸುವ ತನಕ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.

ಹೊರಗೆ ಪ್ರಸಾದ ಕೊಡುತ್ತಾರೆ. ಮಗುವಿಗೂ ಒಂದಿಷ್ಟು ಒಯ್ಯಿರಿ. ಅದರ ಕೈಗೆ ಕೊಡುವಾಗಲೇ ಕೇಳಿ, ನಾಳೆಗೆ ಇಡಬೇಡಿ.