ತಂತಿಯ ಮೇಲಿನ ಬಟ್ಟೆ ತೆಗೆಸಿದ ಬಗ್ಗೆ ಹೆಚ್ಚುವರಿ ಹೇಳಿಕೆ

ಹೇಳಿಕೆ ಕೊಡುತ್ತಿರುವವರು: ಗೋಡೆ ಚಿತ್ರಗಳ ನಡಿಗೆಯ ಮಾರ್ಗದರ್ಶಿ. ಈ ತಿಂಗಳ 8ರಂದು ಪ್ಯಾರಾಗ್ಲೈಡಿಂಗ್ ಅಪಘಾತದಲ್ಲಿ ಮೃತಪಟ್ಟ ಪೈಲಟ್‌ನ ಒಡಹುಟ್ಟಿದ ಅಕ್ಕ. ವಯಸ್ಸು 46 ವರ್ಷ. ವಾಸ: ಹಳೆ ನೂಲಿನ ಗಿರಣಿಯ ಹಿಂದಿನ ವಸತಿ, ಎರಡನೇ ಸಾಲು, ಮನೆ ನಂಬರ್ 14.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಅಪಘಾತವಾದ ದಿನ ಮಧ್ಯಾಹ್ನ 2 ಗಂಟೆಗೆ ಇದೇ ಠಾಣೆಯಲ್ಲಿ ನಾನು ಒಂದು ಹೇಳಿಕೆ ಕೊಟ್ಟಿರುತ್ತೇನೆ. ಅದರಲ್ಲಿ ಹೇಳಿದ್ದೆಲ್ಲ ನಿಜ. ಆದರೆ ಒಂದು ವಿಷಯವನ್ನು ಅದರಲ್ಲಿ ಹೇಳಿರಲಿಲ್ಲ.

ನಮ್ಮ ವಸತಿಯಲ್ಲಿ ಆರು ಸಾಲು ಮನೆಗಳಿವೆ. ಒಂಬತ್ತು ವರ್ಷದಿಂದ ನಾನು ಹೊರಗಿನಿಂದ ಬಂದವರನ್ನು ಕರೆದುಕೊಂಡು ಹೋಗಿ ಇಲ್ಲಿನ ಗೋಡೆಗಳ ಮೇಲಿನ ಚಿತ್ರಗಳನ್ನು ತೋರಿಸುವ ಕೆಲಸ ಮಾಡುತ್ತಿದ್ದೇನೆ. ಒಟ್ಟು 31 ಗೋಡೆ, ಒಂದೂಮುಕ್ಕಾಲು ಗಂಟೆಯ ನಡಿಗೆ. ನನ್ನ ತಮ್ಮ, ವಯಸ್ಸು 38, ಹನ್ನೊಂದು ವರ್ಷದಿಂದ ಒಂದು ಕಂಪನಿಯಲ್ಲಿ ಪೈಲಟ್ ಆಗಿದ್ದು, ಪಕ್ಕದ ಗುಡ್ಡದ ತುದಿಯಿಂದ ಒಬ್ಬೊಬ್ಬರನ್ನೇ ತನ್ನ ಮುಂದೆ ಕೂರಿಸಿಕೊಂಡು ಹಾರಿಸುತ್ತಿದ್ದನು. ಎರಡು ವರ್ಷದ ಹಿಂದೆ ಇವೆರಡನ್ನೂ ಸೇರಿಸುವ ಯೋಚನೆ ಅವನಿಗೇ ಬಂದಿತು. ಮೊದಲು ಹಾರಾಟ, ಮೇಲಿನಿಂದ ವಸತಿಯನ್ನು ನೋಡುವುದು, ಗಿರಣಿಯ ಅಂಗಳದಲ್ಲಿ ಇಳಿಯುವುದು, ಅಲ್ಲಿಂದ ನನ್ನ ಜೊತೆ ನಡಿಗೆ. ಅಕ್ಕಾ, ನೀನು ಕೆಳಗಿಂದ ತೋರಿಸು, ನಾನು ಮೇಲಿಂದ ತೋರಿಸ್ತೀನಿ, ಇಬ್ಬರ ಮಧ್ಯೆ ಸಿಕ್ಕಿದವನು ಎಲ್ಲಿಗೆ ಓಡ್ತಾನೆ ಎಂದು ಹೇಳಿದನು. ನಾನು ಒಪ್ಪಿದೆನು.

ಮೇಲಿನಿಂದಲೇ ನೋಡಬೇಕಾದ ಚಿತ್ರ ಒಂದಿದೆ. ಮೂರನೇ ಮತ್ತು ನಾಲ್ಕನೇ ಸಾಲಿನ 19 ತಾರಸಿಗಳ ಮೇಲೆ, ಒಬ್ಬ ಹೆಂಗಸು ಒಂದು ಮಗ್ಗುಲಾಗಿ ಮಲಗಿ ನಿದ್ದೆ ಮಾಡುತ್ತಿರುವ ಚಿತ್ರ. ನಮ್ಮ ವಸತಿಯವರು ಬಣ್ಣದಮ್ಮ ಎಂದು ಕರೆಯುವ ಚಿತ್ರಕಾರರು, ವಯಸ್ಸು 63, ಅದನ್ನು ನಾಲ್ಕು ವರ್ಷ ಕುಳಿತು ಬಿಡಿಸಿದ್ದಾರೆ. ಬೀದಿಯಿಂದ ಅದು ಕಾಣುವುದಿಲ್ಲ. ತಾರಸಿ ಹತ್ತಿದರೂ ಬಣ್ಣದ ಒಂದು ತುಂಡು ಮಾತ್ರ ಕಾಣುತ್ತದೆ. ತಮ್ಮ ಮನೆಯ ಮೇಲೆ ಯಾವ ಅಂಗವಿದೆಯೋ ಅದರಿಂದಲೇ ಜನ ಗುರುತು ಹೇಳುತ್ತಾರೆ. ಇಸ್ತ್ರಿ ಅಂಗಡಿಯವರದು ಹೆಗಲಿನ ಮನೆ. ಮೂರನೇ ಸಾಲಿನ ಕೊನೆಗಿರುವ ಟೈಲರ್ ಅಜ್ಜಿಯದು ಕಣ್ಣಿನ ಮನೆ.

ಗಿರಣಿಯ ಅಂಗಳ 90 ಮೀಟರ್ ಉದ್ದ, 40 ಮೀಟರ್ ಅಗಲ ಇದೆ. ಒಂದು ತುದಿ ಗುಡ್ಡದ ಕಡೆಗೆ, ಇನ್ನೊಂದು ತುದಿ ನದಿಯ ಕಡೆಗೆ. ನದಿಯ ಕಡೆಯ ತುದಿಯಲ್ಲಿ ಆರು ಮೀಟರ್ ಎತ್ತರದ ಇಟ್ಟಿಗೆ ಗೋಡೆ ಇದೆ. ನನ್ನ ನಡಿಗೆಯಲ್ಲಿ ಅದು ಒಂದನೇ ಗೋಡೆ. ಗಾಳಿಯ ದಿಕ್ಕು ತಿಳಿಯಲು ಕಂಪನಿಯವರು ಅದರ ಪಕ್ಕದಲ್ಲೇ ಒಂದು ಕಂಬಕ್ಕೆ ಬಟ್ಟೆಯ ಚೀಲ ಕಟ್ಟಿದ್ದಾರೆ. ಗೋಡೆಯ ಮರೆಯಲ್ಲಿರುವುದರಿಂದ ಅದು ಯಾವಾಗಲೂ ಜೋತು ಬಿದ್ದಿರುತ್ತದೆ. ಕಂಬವನ್ನು ಬೇರೆ ಕಡೆ ನೆಡುವಂತೆ ನನ್ನ ತಮ್ಮ ಎರಡು ಸಲ ಕೇಳಿದ್ದನು.

ಗಾಳಿಗೆ ಎದುರಾಗಿ ಇಳಿದರೆ ಪ್ಯಾರಾಗ್ಲೈಡರ್‌ನ ರೆಕ್ಕೆ ನಿಧಾನವಾಗುತ್ತದೆ, ಗಾಳಿ ಬೆನ್ನಿಗಿದ್ದರೆ ಓಡುತ್ತದೆ ಎಂಬುದನ್ನು ಅವನು ನನಗೆ ಮೊದಲ ವಾರದಲ್ಲೇ ತಿಳಿಸಿದ್ದನು. ಮೇಲಿನ ಗಾಳಿ ನದಿಯ ಕಡೆಯಿಂದ ಬರುತ್ತಿದ್ದರೂ ಕೆಲವು ದಿನ ಬೆಳಿಗ್ಗೆ ಮನೆಗಳ ಎತ್ತರದಲ್ಲಿ ಗುಡ್ಡದಿಂದ ತಣ್ಣನೆಯ ಗಾಳಿ ಇಳಿಯುತ್ತದೆ. ಅದನ್ನು ತಿಳಿಯಲು ಅವನು ನಮ್ಮ ತಾರಸಿಗಳಲ್ಲಿ ಒಣಗಹಾಕಿದ ಬಟ್ಟೆಗಳನ್ನು ನೋಡುತ್ತಿದ್ದನು. ಕಂಪನಿಯ ಚೀಲ ಸೋಮಾರಿ, ನಿಮ್ಮ ಬೀದಿಯ ಬಟ್ಟೆಗಳು ಸುಳ್ಳು ಹೇಳಲ್ಲ ಎಂದು ಹೇಳಿದ್ದನು.

ಈ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ಪ್ರತಿ ಗುಂಪಿಗೂ ಎರಡನೇ ಗೋಡೆಯ ಹತ್ತಿರ ನಿಂತು, ನನ್ನ ತಮ್ಮ ಟೈಲರ್ ಅಜ್ಜಿಯ ಲಂಗ ನೋಡಿಕೊಂಡು ನೆಲಕ್ಕಿಳೀತಾನೆ ಎಂದು ನಾನೇ ಹೇಳುತ್ತಿದ್ದೆನು. ಎಲ್ಲರೂ ನಗುತ್ತಿದ್ದರು. ಒಂದು ದಿನ ಅಜ್ಜಿ ಮೇಲಿನಿಂದ ಅದನ್ನು ಕೇಳಿಸಿಕೊಂಡು, ಮದುವೆಯಾಗಿ ಮಗಳಿದ್ದಾಳೆ, ನಾಚಿಕೆ ಇಲ್ವೇನೋ ನಿಂಗೆ ಎಂದು ನನ್ನ ಜೊತೆಯಲ್ಲಿದ್ದ ಅವನನ್ನು ಗದರಿದರು. ಅದಕ್ಕೆ ಅವನು, ಅಜ್ಜಿ, ನಿಮ್ಮ ಲಂಗ ತಂತಿ ಮೇಲಿರೋವರೆಗೂ ನನ್ನ ಹೆಂಡತಿಗೆ ಏನೂ ಚಿಂತೆ ಇಲ್ಲ ಎಂದನು. ಅದನ್ನೂ ನಾನು ನಡಿಗೆಯ ಮಾತಿಗೆ ಸೇರಿಸಿಕೊಂಡೆನು. ಎರಡು ವರ್ಷದಲ್ಲಿ ಸುಮಾರು ಇನ್ನೂರು ಸಲ ಹೇಳಿದ್ದೇನೆ.

ಬಣ್ಣದಮ್ಮ ತಾವು ಬಿಡಿಸಿದ ಚಿತ್ರವನ್ನು ಇಡಿಯಾಗಿ ಒಂದು ಸಲವೂ ನೋಡಿರಲಿಲ್ಲ. ಅವರಿಗೆ ಎತ್ತರವೆಂದರೆ ಭಯ. ಹಾರಾಟಕ್ಕೆ ಬಂದವರು ತೆಗೆದ ಫೋಟೋಗಳಲ್ಲಿ ಚಿತ್ರದ ಹೆಂಗಸಿನ ಮುಖದ ಮೇಲೆ ಯಾವಾಗಲೂ ಬೆಡ್‌ಶೀಟು, ಅಂಗಿ, ಪ್ಯಾಂಟು. ಕೊನೆಗೆ ಅವರು ಹಾರಲು ಒಪ್ಪಿ 8ನೇ ತಾರೀಕು ಭಾನುವಾರ ಎಂದು ನಿಶ್ಚಯವಾಯಿತು. ಭಾನುವಾರ ವಸತಿಯಲ್ಲಿ ಎಲ್ಲರೂ ಬಟ್ಟೆ ಒಗೆಯುವ ದಿನ. ಅವರು ನೋಡುವ ಹೊತ್ತಿಗಾದರೂ ತಾರಸಿಗಳು ಖಾಲಿ ಇರಲಿ ಎಂದು 7ರ ಸಂಜೆ ನಾನು ಮನಸ್ಸು ಮಾಡಿದೆನು. ತಮ್ಮನೂ ಆ ಮುಖವನ್ನು ಚೆನ್ನಾಗಿ ನೋಡಿರಲಿಲ್ಲ. ಮೊದಲೇ ಹೇಳಿದರೆ ಸ್ವಾರಸ್ಯ ಹೋಗುತ್ತದೆ ಎಂದು ಅವನಿಗೆ ತಿಳಿಸಲಿಲ್ಲ.

8ರಂದು ಬೆಳಿಗ್ಗೆ 7-10ಕ್ಕೆ ತಮ್ಮ ನಮ್ಮ ಮನೆಗೆ ಬಂದು ನಿಂತುಕೊಂಡೇ ಚಹಾ ಕುಡಿದನು. ಮಗಳ ಶೂ ಒಂದರ ಅಟ್ಟೆ ಕಿತ್ತುಬಂದಿತ್ತು. ಅಂಟು ಹಾಕಿಡು, ಮಧ್ಯಾಹ್ನ ತಗೊಂಡು ಹೋಗ್ತೀನಿ ಎಂದು ಹೇಳಿ ಅದನ್ನು ಕಿಟಕಿಯಲ್ಲಿಟ್ಟು ಹೋದನು.

8 ಗಂಟೆಯಿಂದ ನಾನು ಆರೂ ಸಾಲಿನಲ್ಲಿ ತಾರಸಿ ಮೇಲೆ ಬಟ್ಟೆ ಒಣಗಹಾಕುವ 26 ಮನೆಗಳಿಗೆ ಹೋಗಿ, 11 ಗಂಟೆಯವರೆಗೆ ಬಟ್ಟೆ ಒಳಗಿಡಬೇಕೆಂದು ಕೇಳಿಕೊಂಡೆನು. ಯಾರೂ ಇಲ್ಲವೆನ್ನಲಿಲ್ಲ. ಬಟ್ಟೆ ಒಣಗದಿದ್ರೆ ನಾನೇನು ನಿನ್ನ ಗೋಡೆಗೆ ಇಸ್ತ್ರಿ ಹಾಕ್ಲಾ ಎಂದು ಇಸ್ತ್ರಿ ಅಂಗಡಿಯವರು ಕೇಳಿ, ತಾವೇ ಅಕ್ಕಪಕ್ಕದ ಎರಡು ತಾರಸಿ ಖಾಲಿ ಮಾಡಿಸಿದರು.

8-50ಕ್ಕೆ ತಮ್ಮ ಗುಡ್ಡದ ಮೇಲಿನಿಂದ ಫೋನ್ ಮಾಡಿದನು. ಮೇಲೆ ಗಾಳಿ ಚೆನ್ನಾಗಿದೆ, ಬಣ್ಣದಮ್ಮ ಆಗಲೇ ಮೂರು ಸಲ ಬಚ್ಚಲಿಗೆ ಹೋಗಿಬಂದರು ಎಂದು ತಿಳಿಸಿದನು. ಕೆಳಗೆ ಹೇಗಿದೆ ಎಂದು ಕೇಳಿದನು. ಎಲ್ಲ ಸರಿಯಾಗಿದೆ, ನೀನೇ ಬಂದು ನೋಡು ಎಂದು ಹೇಳಿದೆನು. ಆಗ ನಾನು ನಗುತ್ತಿದ್ದೆನು.

9-05ಕ್ಕೆ ಕೊನೆಯದಾಗಿ ಟೈಲರ್ ಅಜ್ಜಿಯ ತಾರಸಿಗೆ ಹೋದೆನು. ಅವರು ಆಗಷ್ಟೇ ಒಂದು ದೊಡ್ಡ ಬೆಡ್‌ಶೀಟ್ ಹಾಕಿದ್ದರು. ನೀಲಿ, ಬಿಳಿ ಅಂಚಿನದು. ಆಕಾಶದಲ್ಲಿ ಹೋಗೋರಿಗೆ ನನ್ನ ಬೆಡ್‌ಶೀಟು ಕಂಡ್ರೆ ಏನಮ್ಮಾ ಗಂಟು ಹೋಗುತ್ತೆ, ಮಂಡಿ ನೋವಲ್ಲಿ ಮೂರು ಮಾರು ಹಿಂಡಿದ್ದೀನಿ ಎಂದರು. ನೀವು ಕೂತ್ಕೊಳ್ಳಿ ಅಜ್ಜಿ ಎಂದು ಹೇಳಿ, ಹನ್ನೊಂದು ಕ್ಲಿಪ್ಪು ಬಿಚ್ಚಿ ನಾನೇ ತೆಗೆದೆನು. ಆಗ ನಾನು ತಂತಿಯ ಆಚೆ, ನದಿಯ ಬದಿಯಲ್ಲಿ, ಗುಡ್ಡಕ್ಕೆ ಮುಖ ಮಾಡಿ ನಿಂತಿದ್ದೆನು. ಬೆಡ್‌ಶೀಟ್ ಹಾರಿ ನನ್ನ ಮುಖಕ್ಕೂ ಎದೆಗೂ ಅಂಟಿಕೊಂಡಿತು. ಎಂದರೆ ಆ ಹೊತ್ತಿಗೆ ಕೆಳಗಿನ ಗಾಳಿ ಗುಡ್ಡದ ಕಡೆಯಿಂದ ಇತ್ತು. ಅಂಗಿಯ ಕತ್ತು ಒದ್ದೆಯಾಯಿತಲ್ಲ ಎಂದಷ್ಟೇ ನನಗೆ ಅನಿಸಿತು. ಮಡಚಿ ಬಕೆಟ್ಟಿನಲ್ಲಿಟ್ಟು ಬಂದೆನು.

9-15ಕ್ಕೆ ಅಂಗಳಕ್ಕೆ ಬಂದೆನು. 9-20ಕ್ಕೆ ಅವರು ಗುಡ್ಡದಿಂದ ಹಾರಿದ್ದು ಕಾಣಿಸಿತು. 9-31ಕ್ಕೆ ವಸತಿಯ ಮೇಲೆ ಬಂದರು. ಎಂದಿನ ಎರಡು ಸುತ್ತಿನ ಬದಲು ಮೂರು ಸುತ್ತು ಹಾಕಿದರು. 9-38ಕ್ಕೆ ಇಳಿಯತೊಡಗಿದರು. ಮೇಲಿನ ಗಾಳಿ ನದಿಯ ಕಡೆಯಿಂದ ಇದ್ದುದರಿಂದ ಗುಡ್ಡದ ಕಡೆಯಿಂದ ಅಂಗಳಕ್ಕೆ ಬಂದರು. ನೆಲದಿಂದ ಸುಮಾರು ಇಪ್ಪತ್ತು ಮೀಟರ್ ಎತ್ತರದಲ್ಲಿ ನನ್ನ ತಮ್ಮ ಎಡಕ್ಕೆ, ಮೂರನೇ ಸಾಲಿನ ಕಡೆಗೆ ತಲೆ ತಿರುಗಿಸಿ ನೋಡಿದನು. ಮತ್ತೊಮ್ಮೆ ನೋಡಿದನು. ಚಿತ್ರ ನೋಡುತ್ತಿದ್ದಾನೆ ಎಂದುಕೊಂಡು ನಾನು ಕೈ ಬೀಸಿದೆನು.

ಅಂಗಳದ ಅರ್ಧಕ್ಕೆ ಬರುವಷ್ಟರಲ್ಲಿ ಕಾಲು ನೆಲಕ್ಕೆ ತಾಗಬೇಕಿತ್ತು. ತಾಗಲಿಲ್ಲ. ಇನ್ನೂ ನಾಲ್ಕು ಮೀಟರ್ ಮೇಲಿದ್ದರು, ವೇಗವೂ ತಗ್ಗಿರಲಿಲ್ಲ. ಗೋಡೆಗೆ ಇಪ್ಪತ್ತು ಮೀಟರ್ ಇರುವಾಗ ಅವನು ಎಡಗಡೆಯ ಹಗ್ಗ ಎಳೆದು ತಿರುಗಿಸಿದನು. ಬಣ್ಣದಮ್ಮ ಅವನ ಮುಂದೆ ಕುಳಿತಿದ್ದರು. ನೇರ ಹೋಗಿದ್ದರೆ ಮೊದಲು ಅವರು ಗೋಡೆಗೆ ಬಡಿಯುತ್ತಿದ್ದರು. ತಿರುಗಿದ್ದರಿಂದ ನನ್ನ ತಮ್ಮನ ಬಲಭಾಗ, ತಲೆ ಸೇರಿ, ನೆಲದಿಂದ ಎರಡು ಮೀಟರ್ ಮೇಲೆ ಗೋಡೆಗೆ ಬಡಿಯಿತು. ಸಮಯ 9-41. ನಾನು ನಿಂತಲ್ಲಿಂದ ಅಲ್ಲಿಗೆ 40 ಮೀಟರ್. ನಾನು ತಲುಪಿದಾಗ ಉಸಿರಾಡುತ್ತಿದ್ದನು, ಮಾತನಾಡಲಿಲ್ಲ. 9-58ಕ್ಕೆ ಆಂಬುಲೆನ್ಸ್ ಬಂದಿತು. 10-35ಕ್ಕೆ ಆಸ್ಪತ್ರೆಯಲ್ಲಿ ಡಾಕ್ಟರು ತೀರಿಕೊಂಡಿದ್ದಾನೆ ಎಂದು ತಿಳಿಸಿದರು. ಬಣ್ಣದಮ್ಮನವರ ಬಲಗಾಲು ಎರಡು ಕಡೆ ಮುರಿದಿದೆ.

ಮಧ್ಯಾಹ್ನ ಇಲ್ಲಿ ಹೇಳಿಕೆ ಕೊಡುವಾಗ ಬಟ್ಟೆಯ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಸಂಜೆ 5 ಗಂಟೆಗೆ ಮನೆಗೆ ಹೋದೆನು. 11 ಗಂಟೆಗೆ ಮತ್ತೆ ಹಾಕಿಕೊಳ್ಳಿ ಎಂದು ಹೇಳಿದ್ದರೂ ಯಾರೂ ಹಾಕಿರಲಿಲ್ಲ. ಆರೂ ಸಾಲಿನಲ್ಲಿ ತಂತಿಗಳು ಖಾಲಿ ಇದ್ದವು. ಆಗ ನನಗೆ ತಿಳಿಯಿತು. ವಸತಿಯವರಿಗೆ ನನಗಿಂತ ಮೊದಲೇ ತಿಳಿದಿತ್ತು.

10ರಂದು ಇಸ್ತ್ರಿ ಅಂಗಡಿಯವರು ಬಂದು, ನಮ್ಮ ಸಾಲಲ್ಲಿ ಯಾರೂ ಬಾಯಿ ಬಿಡಲ್ಲ, ನೀನೂ ಬಿಡಬೇಡ, ಹೋದವನು ಬರಲ್ಲ, ಇರೋಳು ಯಾಕೆ ಹಾಳಾಗಬೇಕು ಎಂದು ಹೇಳಿದರು.

12ರಂದು ಆಸ್ಪತ್ರೆಯಲ್ಲಿ ಬಣ್ಣದಮ್ಮನವರನ್ನು ನೋಡಿದೆನು. ಮೇಲೆ ನಡೆದದ್ದನ್ನು ಅವರು ಹೇಳಿದರು. ತಾರಸಿಗಳು ಕಂಡಕೂಡಲೇ ನನ್ನ ತಮ್ಮ, ಇದೇನಮ್ಮಾ, ಇವತ್ತು ಊರಲ್ಲಿ ಯಾರೂ ಬಟ್ಟೆನೇ ಒಗೆದಿಲ್ವಾ ಎಂದು ನಕ್ಕನಂತೆ. ಎಡಗಿವಿ ದೊಡ್ಡದಾಯಿತು ಎಂದು ಬಣ್ಣದಮ್ಮ ಅಂದದ್ದಕ್ಕೆ, ಇನ್ನೊಂದು ಸುತ್ತು ಹಾಕ್ತೀನಿ, ಸರಿಯಾಗಿ ನೋಡಿ ಹೇಳಿ ಎಂದು ಮೂರನೇ ಸುತ್ತು ಹಾಕಿದನಂತೆ. ಇಳಿಯುವಾಗ ಮಾತು ನಿಲ್ಲಿಸಿದನಂತೆ. ಎಡಕ್ಕೆ ನೋಡುತ್ತ, ಒಂದಾದರೂ ಇರಬೇಕಿತ್ತಲ್ಲ ಎಂದನಂತೆ. ಏನೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಅವನು ಹೇಳಿದ್ದು, ಕಾಲು ಮಡಚಿಕೊಳ್ಳಿ ಅಮ್ಮ, ಎಂದು. ಅವರು ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡು, ಮುಖ ಚೆನ್ನಾಗಿ ಕಂಡಿತು ಎಂದರು.

17ರಂದು ಕಂಪನಿಯ ಮಾಲೀಕರು ತಮ್ಮ ವರದಿಯನ್ನು ಕಚೇರಿಯ ಬೋರ್ಡಿನಲ್ಲಿ ಅಂಟಿಸಿದರು. ಪೈಲಟ್ ಪರಿಚಯದವರ ಮುಂದೆ ಆಟ ತೋರಿಸಲು ಹೆಚ್ಚುವರಿ ಸುತ್ತು ಹಾಕಿದ್ದು, ಗಾಳಿಯ ಕಡೆ ಗಮನ ಕೊಡದೆ ಇಳಿದದ್ದೇ ಕಾರಣ ಎಂದು ಅದರಲ್ಲಿದೆ. 18ರಂದು ಸಂಜೆ 4-15ಕ್ಕೆ ನನ್ನ ತಮ್ಮನ ಮಗಳು, ವಯಸ್ಸು 9, ಶಾಲೆಯಿಂದ ನೇರ ನನ್ನ ಮನೆಗೆ ಬಂದಳು. ಅತ್ತೆ, ಅಪ್ಪ ಗಾಳಿ ನೋಡ್ಲೇ ಇಲ್ವಂತೆ, ಹೌದಾ ಎಂದು ಕೇಳಿದಳು. ನೋಡಿದ ಎಂದೆನು. ಎಲ್ಲಿ ನೋಡಿದ ಎಂದು ಕೇಳಿದಳು. ಅಂಟು ಹಾಕಿದ ಶೂ ಕೊಟ್ಟು ಕಳುಹಿಸಿದೆನು.

ಇಂದು ಬೆಳಿಗ್ಗೆ 8 ಗಂಟೆಗೆ ತಮ್ಮನ ಹೆಂಡತಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆನು. ಬೆಡ್‌ಶೀಟು ಯಾವ ಬಣ್ಣದ್ದು ಎಂದು ಅವಳು ಕೇಳಿದಳು. ನೀಲಿ ಎಂದೆನು. ದೂರಕ್ಕೆ ಕಾಣ್ತಿತ್ತು ಎಂದಳು.

ಆದ್ದರಿಂದ ನಾನು ಹೇಳುವುದೇನೆಂದರೆ, ನನ್ನ ತಮ್ಮ ಗಾಳಿ ನೋಡಿದನು. ಎರಡು ಸಲ ನೋಡಿದನು. ನೋಡಬೇಕಾದ ಕಡೆಯೇ ನೋಡಿದನು. ಅಲ್ಲಿರಬೇಕಾದದ್ದನ್ನು ನಾನು ತೆಗೆಸಿದ್ದೆನು. ನೆರೆಯವರು ನಾನು ಕೇಳಿದ್ದಕ್ಕೆ ತೆಗೆದರು. ಅವರದು ಏನೂ ತಪ್ಪಿಲ್ಲ. ಕಂಪನಿಯ ವರದಿಯಲ್ಲಿರುವ ಆ ಸಾಲನ್ನು ತೆಗೆಯಿಸಬೇಕು, ಈ ಹೇಳಿಕೆಯ ಒಂದು ಪ್ರತಿಯನ್ನು ತಮ್ಮನ ಹೆಂಡತಿಗೆ ಕೊಡಬೇಕು.

ಬರೆದುಕೊಂಡ ಠಾಣೆಯ ರೈಟರು, ಇದು ನಿಮ್ಮ ತಲೆ ಮೇಲೇ ಬರಬಹುದಮ್ಮಾ, ಬಟ್ಟೆ ವಿಷಯ ಬೇಕೇ ಬೇಕಾ ಎಂದು ಎರಡು ಸಲ ಕೇಳಿದರು. ಬೇಕು ಎಂದು ಎರಡು ಸಲವೂ ಹೇಳಿದ್ದೇನೆ. ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಕಂಡದ್ದು, ಮಾಡಿದ್ದು ಹೀಗೆಯೇ ಇದೆ. ಹೇಳು ಎಂದು ಯಾರೂ ನನ್ನನ್ನು ಒತ್ತಾಯಿಸಿಲ್ಲ.

ಟೈಲರ್ ಅಜ್ಜಿಯ ಬೆಡ್‌ಶೀಟನ್ನೂ ಹನ್ನೊಂದು ಕ್ಲಿಪ್ಪುಗಳನ್ನೂ ಜೊತೆಯಲ್ಲಿ ತಂದಿದ್ದೆನು. ಅಂದಿನಿಂದ ಅದು ಬಕೆಟ್ಟಿನಲ್ಲೇ ಇದ್ದುದರಿಂದ ಮುಗ್ಗಲು ಹಿಡಿದಿದೆ, ಇನ್ನೂ ಒದ್ದೆ ಇದೆ. ತನಿಖೆಗೆ ಇದು ಬೇಕಿಲ್ಲ, ತಗೊಂಡು ಹೋಗಿ ಒಣಗಹಾಕಿ ಎಂದು ಸಾಹೇಬರು ತಿಳಿಸಿದ್ದರಿಂದ ವಾಪಸ್ ಪಡೆದುಕೊಂಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 19, ಗುರುವಾರ, ಬೆಳಿಗ್ಗೆ 11-40
(ಹೇಳಿಕೆ ಕೊಟ್ಟವರ ಸಹಿ)
ಮೃತನ ಅಕ್ಕ