ಸಣ್ಣ ಜೆಟ್ಟು ಕೇಳಿದವನು

ಮಧ್ಯಾಹ್ನದಿಂದ ಜೇವರ್ಗಿಯಲ್ಲಿ ಬಿಡದೆ ಮಳೆ. ರಾಜೇಸಾಬನ ತಗಡಿನ ಗ್ಯಾರೇಜಿನಲ್ಲಿ ಸಿಕ್ಕಿಬಿದ್ದ ನಾಲ್ಕೈದು ಜನ ಹಳೆಯ ಟೈರುಗಳ ಮೇಲೆ ಕುಳಿತಿದ್ದರು. ಜಗದೇವಪ್ಪನಿಗೆ ಮಾತ್ರ ಕೂರಲು ಆಗುತ್ತಿರಲಿಲ್ಲ. ಹವಳಗಾದಲ್ಲಿ ಮಗಳು ಅನುರಾಧಾಗೆ ಹೆರಿಗೆ ನೋವು ಶುರುವಾಗಿದೆಯೆಂದು ಫೋನ್ ಬಂದಿತ್ತು. ಹೆಂಡತಿ ಶಿವಕಾಂತಾ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜಗದೇವಪ್ಪನ ಅಪ್ಪನ ಕಾಲದ ಮೋಟರ್ ಸೈಕಲ್ಲಿನ ಕಾರ್ಬೊರೇಟರ್ ತೊಳೆದು ಜೋಡಿಸಿ ಅರ್ಧ ತಾಸಾಗಿದ್ದರೂ ಮುದುಕ ರಾಜೇಸಾಬ ಕೀಲಿ ಕೊಡುತ್ತಿರಲಿಲ್ಲ.

“ಚಾಚಾ, ಮುಂಜಾನಿ ಬಿಟ್ಟು ಹೋದ ಗಾಡಿ. ಕಾರ್ಬೊರೇಟರಿಗಿ ಸಣ್ಣ ತೂತಿನ ಜೆಟ್ಟು ಹಾಕು ಅಂದಿದ್ದೆ, ಪೆಟ್ರೋಲ್ ನೀರಿನಂಗ ಕುಡಿತದ. ಹಾಕೀಯೋ ಇಲ್ಲೋ?”

“ಸಣ್ಣದು ಬ್ಯಾಡೋ ಮಾರಾಯಾ. ಕುಂದ್ರು, ಹೇಳ್ತೇನಿ.”

ಬೀಡಿ ಹಚ್ಚಿ, ಎಲ್ಲರ ಮುಖ ನೋಡಿ, ರಾಜೇಸಾಬ ಶುರುಮಾಡಿದ.

“ಹುಲೆಪ್ಪ ಅಂತ ಒಬ್ಬಾವ ಇದ್ದ. ಇವನಂಗೇ ಮೂಗಿನ ಮ್ಯಾಲ ಸಿಟ್ಟು, ಇಂಥದೇ ಗಾಡಿ... ಈ ಗಾಡಿಗಿ ಆಯಿಲ್ ಪೆಟ್ರೋಲ್‌ನಾಗೇ ಕೂಡಿ ಬರ್ತದ, ಜೆಟ್ಟಿನ ತೂತು ಸಣ್ಣದಾದ್ರ ಪೆಟ್ರೋಲೂ ಕಡಿಮಿ, ಆಯಿಲೂ ಕಡಿಮಿ, ಪಿಸ್ಟನ್ ಒಣಗಿ ಕಚ್ಚಿ ಹಿಡಿತದ ಅಂತ ಬಡ್ಕೊಂಡೆ. ಕೇಳ್ಬೇಕಲ್ಲ? ಸಣ್ಣದೇ ಹಾಕಿ ಕೊಟ್ಟೆ. ಅವನಿಗೂ ಗಡಿಬಿಡಿ. ಭೀಮಾ ಹೊಳಿ ದಾಟೋ ಪೂಲ್ ಮ್ಯಾಲ ಪಿಸ್ಟನ್ ಕಚ್ಚಿತು, ಗಾಲಿ ಗಪ್ಪನೆ ನಿಂತಿತು, ಹಿಂದ ಕಬ್ಬಿನ ಲಾರಿ...”

ರಾಜೇಸಾಬ ಬೀಡಿಯ ಬೂದಿ ಕೊಡವಿದ.

“ಆ ಜೆಟ್ಟು ಬಿಚ್ಚಿ, ಅದೇ ಪೂಲ್ ಮ್ಯಾಲಿಂದ ಹೊಳಿಗಿ ಒಗೆದೆ. ಮುಗೀತು ಅಂದ್ಕೊಂಡ್ರೇನು? ಇಂಥ ಗಾಡಿ ಬಂದ್ರ ಸಾಕು. ಬಿಚ್ಚಿದ್ದನ್ನ ಪೆಟ್ರೋಲ್ ಬಟ್ಟಲದಾಗ ನೆನೆಹಾಕಿ ನಮಾಜಿಗೋ ಚಾದಂಗಡಿಗೋ ಹೋಗ್ತೇನಿ. ತಿರುಗಿ ಬರೋದ್ರಾಗ ಯಾರೋ ಜೋಡಿಸಿರ್ತಾರ. ನನ್ನ ದೊಡ್ಡ ಜೆಟ್ಟು ಬಟ್ಟಲದಾಗೇ ಬಿದ್ದಿರ್ತದ. ಬಿಚ್ಚಿ ನೋಡಿದ್ರ ಒಳಗ ಸಣ್ಣದು... ಹೊಳಿ ಉಸುಕು ಮೆತ್ತಿದ್ದು.”

ಜಗದೇವಪ್ಪ ನಗಲು ನೋಡಿದ.

“ನನ್ನ ಗಾಡಿಗಿ ದೊಡ್ಡದೇ ಹಾಕೀಯಲ್ಲ ಚಾಚಾ?”

“ಹಾಕೇನಿ.”

“ಮತ್ತ ಕೀಲಿ ಕೊಡು ಚಾಚಾ.”

“ಏ, ಅದರ ಮ್ಯಾಲ ನಾ ಹತ್ತಂಗಿಲ್ಲ, ಟಂಟಂ ಆಟೋ ನಿಲ್ಲಸ್ತೇನಿ,” ಎನ್ನುತ್ತ ಶಿವಕಾಂತಾ ಮಳೆಗಿಳಿದಳು. ಜಗದೇವಪ್ಪ ಕೀಲಿಗಾಗಿ ಚಾಚಿದ ಕೈ ಹಿಂದೆಗೆಯಲಿಲ್ಲ.

ರಾಜೇಸಾಬ ಜೇಬಿನಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟ. ಅದರ ಪಕ್ಕದಲ್ಲಿ ಹಿತ್ತಾಳೆಯ ಸಣ್ಣ ಜೆಟ್ಟುಗಳನ್ನು ಒಂದೊಂದಾಗಿ ಇಟ್ಟ. ಮೂರಿದ್ದವು, ಮೂರೂ ಒದ್ದೆ.

“ಅವತ್ತು ಹೊಳಿಗಿ ಒಗೆದದ್ದು ಒಂದೇ,” ಎಂದ. “ಮುಂಜಾನಿಯಿಂದ ನಿನ್ನ ಗಾಡ್ಯಾಗಿಂದ ಇಷ್ಟು ತೆಗೆದೇನಿ. ದೊಡ್ಡದು ಹಾಕಿಟ್ಟು ಹೋಗಿ, ಈಗಿನ್ನ ಅಸರ್ ನಮಾಜ್ ಮುಗಿಸಿ ಬಂದೇನಿ... ಮತ್ತ ಬಿಚ್ಚಿ ನೋಡಿಲ್ಲ.”